ಗಾಡಿ ಓಡಿದರೂ ಬ್ಯಾಟರಿ ತುಂಬುತ್ತಿಲ್ಲವೇ? ಮೋಟರ್‌ಹೋಮ್‌ನಲ್ಲಿ ದೋಷ ಹುಡುಕುವ ಕ್ರಮ

ಇಡೀ ದಿನ ಡ್ರೈವ್ ಮಾಡಿ ಸಂಜೆ ಗಾಡಿ ನಿಲ್ಲಿಸಿದಾಗ ಮೋಟರ್‌ಹೋಮ್‌ನ (ಒಳಗೇ ಮನೆಯಂತೆ ಇರಬಹುದಾದ ಗಾಡಿಯ) ಬ್ಯಾಟರಿ ತುಂಬಿರಬೇಕು, ಅಲ್ವಾ? ಆದರೆ ಕೆಟಲ್ ಆನ್ ಮಾಡಿದ ಕೂಡಲೇ ಇನ್ವರ್ಟರ್ ಬೀಪ್ ಬೀಪ್ ಎಂದು ಬಡಿದುಕೊಂಡು ಆಫ್ ಆಗುತ್ತದೆ. ಆಗ ಬಹಳ ಜನ ಬ್ಯಾಟರಿಯ ಮೇಲೆ ತಪ್ಪು ಹೊರಿಸಿ ಹೊಸದು ತಂದು ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಕರೆಂಟ್ ಬರುವ ದಾರಿಯಲ್ಲಿ ಎಲ್ಲೋ ಅಡ್ಡಿ ಇದ್ದರೆ ಅದು ಹೊಸ ಬ್ಯಾಟರಿಗೂ ಅಡ್ಡಿಯೇ. ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ಮೀಟರ್ ಹಿಡಿದು ಆ ದಾರಿಯನ್ನು ತುದಿಯಿಂದ ತುದಿಗೆ ನೋಡಿ. ಒಂದು ಮಾತು ಮಾತ್ರ ನೆನಪಿರಲಿ: ಕರೆಂಟ್ ಹರಿಯುತ್ತಿರುವಾಗ ಅಳೆಯಬೇಕು. ಸುಮ್ನೆ ನಿಂತ ಗಾಡಿಯಲ್ಲಿ ಎಲ್ಲ ವೈರೂ ಒಳ್ಳೆಯದಾಗಿಯೇ ಕಾಣುತ್ತದೆ.

ಮೊದಲು ದಾರಿ ಯಾವುದು ಎಂದು ನೋಡೋಣ. ಇಂಜಿನ್ ತಿರುಗಿದಾಗ ಆಲ್ಟರ್ನೇಟರ್ ಕರೆಂಟ್ ಕೊಡುತ್ತದೆ. ಅದು ಮೊದಲು ಇಂಜಿನ್ ಬ್ಯಾಟರಿಗೆ ಬರುತ್ತದೆ. ಅಲ್ಲಿಂದ ಒಂದು ಫ್ಯೂಸ್ ದಾಟಿ ರಿಲೇಗೆ (ಎರಡು ಬ್ಯಾಟರಿಗಳನ್ನು ಸೇರಿಸಿ ಬಿಡಿಸುವ ಸ್ವಿಚ್) ಅಥವಾ ಡಿಸಿ-ಡಿಸಿ ಚಾರ್ಜರ್‌ಗೆ (ಬಂದ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಂತೆ ಮಾಡಿ ಕೊಡುವ ಸಾಧನ), ಅಲ್ಲಿಂದ ಇನ್ನೊಂದು ಫ್ಯೂಸ್ ದಾಟಿ ಹಿಂದಿನ ಬ್ಯಾಟರಿಗೆ. ಲೈಟು, ಫ್ರಿಜ್ಜು, ಪಂಪು ನಡೆಸುವ ಈ ಬ್ಯಾಟರಿಯನ್ನು ಇಲ್ಲಿ ಮನೆ ಬ್ಯಾಟರಿ ಎಂದು ಕರೆಯುತ್ತೇನೆ. ಅದರಿಂದ ದಪ್ಪ ಕೇಬಲ್ ಇನ್ವರ್ಟರ್‌ಗೆ, ಇನ್ವರ್ಟರ್‌ನಿಂದ ಪ್ಲಗ್ ಪಾಯಿಂಟ್‌ಗೆ. ಮರಳಿ ಬರುವ ದಾರಿ ನೆಗೆಟಿವ್ ಕೇಬಲ್ ಮತ್ತು ಗಾಡಿಯ ಚಾಸಿ, ಅಂದರೆ ಲೋಹದ ಚೌಕಟ್ಟು. ಈ ಮರಳು ದಾರಿಯನ್ನು ಮರೆಯುವವರೇ ಜಾಸ್ತಿ.

ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್, ಸ್ಪ್ಯಾನರ್, ತಂತಿ ಬ್ರಷ್, ಉಪ್ಪುಕಾಗದ. ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಕೆಲಸ ಅರ್ಧಕ್ಕರ್ಧ ಹಗುರ. ಆದರೆ ಕೊಳ್ಳುವಾಗ ಡಿಸಿ ಆಂಪಿಯರ್ ಅಳೆಯುತ್ತದೆಯೇ ಎಂದು ನೋಡಿಕೊಳ್ಳಿ. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಬ್ಯಾಟರಿ ಕೇಬಲ್ ಮೇಲೆ ಸೊನ್ನೆಯನ್ನೇ ತೋರಿಸುತ್ತದೆ.

ಎಚ್ಚರಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಉಂಗುರ, ಬಳೆ, ವಾಚ್ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯದಿರಬಹುದು, ಆದರೆ ಸ್ಪ್ಯಾನರ್ ಎರಡು ಟರ್ಮಿನಲ್‌ಗೂ ತಾಗಿದರೆ ಕೆಂಪಗೆ ಕಾಯುತ್ತದೆ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಹತ್ತಿರ ಕಿಡಿ ಬೇಡ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ತೆಗೆಯಲೇಬೇಡಿ. ಆಲ್ಟರ್ನೇಟರ್‌ನ ವೋಲ್ಟೇಜ್ ಒಮ್ಮೆಲೇ ಎಗರಿ ಗಾಡಿಯ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ಗಾಡಿ ಓಡುವಾಗಿನ ಅಳತೆ ಬೇಕಿದ್ದರೆ ಪಕ್ಕದಲ್ಲಿ ಕೂತವರು ನೋಡಲಿ.

ಹಂತ 1: ಮೂರು ಅಳತೆ

ಗಾಡಿ ನಿಲ್ಲಿಸಿ, ಎಲ್ಲ ಲೋಡ್ ಆಫ್ ಮಾಡಿ ಕೆಲವು ಗಂಟೆ ಬಿಡಿ. ಆಮೇಲೆ ಎರಡೂ ಬ್ಯಾಟರಿಗಳ ವೋಲ್ಟೇಜ್ ಬರೆದುಕೊಳ್ಳಿ. ಲೆಡ್ ಆಸಿಡ್ ಆದರೆ 12.7 ಎಂದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಖಾಲಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದು ತುಂಬಿದಾಗ 13.3ರ ಮೇಲೆ ಇರುತ್ತದೆ, ಖಾಲಿಯಾಗುವ ಹೊತ್ತಿನವರೆಗೂ 13ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ವೋಲ್ಟೇಜ್ ನೋಡಿ ಹೇಳುವುದು ಕಷ್ಟ. ಒಳಗೆ ಹೋದ, ಹೊರಗೆ ಬಂದ ಆಂಪಿಯರ್ ಲೆಕ್ಕ ಇಡುವ ಬ್ಯಾಟರಿ ಮಾನಿಟರ್ ಬೇಕು.

ಈಗ ಇಂಜಿನ್ ಸ್ಟಾರ್ಟ್ ಮಾಡಿ ಇಂಜಿನ್ ಬ್ಯಾಟರಿ ಮೇಲೆ ಮೀಟರ್ ಇಡಿ. ವೋಲ್ಟೇಜ್ 13.8ರಿಂದ 14.5ರ ಒಳಗೆ ಏರಬೇಕು. ಏರದೆ ನಿಂತಲ್ಲೇ ನಿಂತಿದ್ದರೆ ಅಥವಾ ನಿಧಾನವಾಗಿ ಇಳಿಯುತ್ತಿದ್ದರೆ ಬೆಲ್ಟ್, ಆಲ್ಟರ್ನೇಟರ್, ಅದರ ರೆಗ್ಯುಲೇಟರ್ ನೋಡಬೇಕು. ಅದು ಮೆಕ್ಯಾನಿಕ್ ಕೆಲಸ. ಸ್ಮಾರ್ಟ್ ಆಲ್ಟರ್ನೇಟರ್ ಇರುವ ಹೊಸ ಗಾಡಿಗಳ ವಿಷಯ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು, ಇಂಜಿನ್ ಓಡುತ್ತಿರುವಾಗಲೇ ಮನೆ ಬ್ಯಾಟರಿಯ ವೋಲ್ಟೇಜ್. ಇಂಜಿನ್ ಸ್ಟಾರ್ಟ್ ಆದ ಸ್ವಲ್ಪ ಹೊತ್ತಿನಲ್ಲಿ ಇದೂ ಏರಬೇಕು. ಏರಿದರೆ ದಾರಿ ಇದೆ ಎಂದರ್ಥ, ದಾರಿ ಅಗಲವಾಗಿದೆ ಎಂದಲ್ಲ. ಸ್ವಲ್ಪವೂ ಏರದಿದ್ದರೆ ದಾರಿ ಕಡಿದಿದೆ: ಫ್ಯೂಸ್ ಹೋಗಿದೆ, ರಿಲೇ ಎಳೆಯುತ್ತಿಲ್ಲ, ಅಥವಾ ಚಾರ್ಜರ್ ಎದ್ದಿಲ್ಲ.

ಹಂತ 2: ಕೇಬಲ್ ಎಷ್ಟು ತಿನ್ನುತ್ತಿದೆ?

ನನ್ನ ಪ್ರಕಾರ ಇದೊಂದು ಪರೀಕ್ಷೆ ಕಲಿತರೆ ಸಾಕು, ಅರ್ಧ ದೋಷಗಳು ಸಿಗುತ್ತವೆ. ನಲ್ಲಿ ಮುಚ್ಚಿದ್ದಾಗ ಕಸ ಕಟ್ಟಿಕೊಂಡ ಪೈಪಿನಲ್ಲೂ ನೀರಿನ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದಾಗಲೇ ಬಂಡವಾಳ ಬಯಲಾಗುವುದು. ವೈರಿನದೂ ಹಾಗೇ. ಅದಕ್ಕೆ ಮೊದಲು ಕರೆಂಟ್ ಹರಿಸಿ: ಮನೆ ಬ್ಯಾಟರಿಯನ್ನು ಸ್ವಲ್ಪ ಖಾಲಿ ಮಾಡಿ, ಇಂಜಿನ್ ಓಡಿಸಿ, ಚಾರ್ಜ್ ಶುರುವಾಗಲಿ.

ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಒಂದೇ ವೈರಿನ ಎರಡು ತುದಿಗೆ ಎರಡು ಕಡ್ಡಿ ಹಿಡಿಯಿರಿ. ಇಂಜಿನ್ ಬ್ಯಾಟರಿಯ ಪಾಸಿಟಿವ್‌ನಲ್ಲಿ ಒಂದು, ರಿಲೇಯ ಪಾಸಿಟಿವ್‌ನಲ್ಲಿ ಇನ್ನೊಂದು. ಕಡ್ಡಿ ತಲುಪದಿದ್ದರೆ ಒಂದು ಉದ್ದ ವೈರ್ ಜೋಡಿಸಿಕೊಳ್ಳಿ. ಮೀಟರ್ ತೋರಿಸುವುದು ಆ ವೈರಿನಲ್ಲಿ ಕಳೆದುಹೋದ ವೋಲ್ಟೇಜ್. 0.1 ಅಥವಾ 0.2 ಆದರೆ ಚಿಂತೆ ಇಲ್ಲ. 0.5 ಬಂದರೆ ತಪ್ಪು ಅಲ್ಲೇ ಇದೆ. ಇನ್ನು ತುಂಡು ತುಂಡಾಗಿ ಅಳೆಯುತ್ತಾ ಹೋಗಿ: ಫ್ಯೂಸಿನ ಈ ಕಡೆಯಿಂದ ಆ ಕಡೆಗೆ, ಲಗ್‌ನಿಂದ (ಕೇಬಲ್ ತುದಿಯ ಲೋಹದ ಬಳೆ) ಬೋಲ್ಟ್‌ಗೆ, ರಿಲೇಯ ಒಳಗಿನ ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ. ಫ್ಯೂಸ್ ನೋಡಲು ಚೆನ್ನಾಗಿದ್ದರೂ ಹೋಲ್ಡರ್‌ನಲ್ಲಿ ಹಸಿರು ಕಿಲುಬು ಹಿಡಿದಿರುವುದು ಬಹಳ ಸಾಮಾನ್ಯ. ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಕಂಡರೆ ಅದು ಎಷ್ಟೋ ದಿನದಿಂದ ಬಿಸಿಯಾಗುತ್ತಿತ್ತು ಎಂದೇ ಲೆಕ್ಕ.

ನೆಗೆಟಿವ್ ಕಡೆಯೂ ಇದೇ ಪರೀಕ್ಷೆ. ಮನೆ ಬ್ಯಾಟರಿಯ ನೆಗೆಟಿವ್‌ನಿಂದ ಚಾಸಿಗೆ, ಚಾಸಿಯಿಂದ ಇಂಜಿನ್ ಬ್ಯಾಟರಿಯ ನೆಗೆಟಿವ್‌ಗೆ, ಇಂಜಿನ್ ಬ್ಲಾಕ್‌ಗೆ. ಪೇಂಟ್ ಮೇಲೇ ಕೂರಿಸಿದ ಅರ್ತ್ ಬೋಲ್ಟ್, ಕೆಳಗೆ ಮಣ್ಣು ನೀರು ಹಾರಿ ತುಕ್ಕು ಹಿಡಿದ ಜಾಗ, ಇವು ಹಳೆಯ ಕಳ್ಳರು. ಬಿಚ್ಚಿ, ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ.

ಎಲ್ಲ ಜೋಡಣೆಯೂ ಸರಿಯಿದ್ದು ವೋಲ್ಟೇಜ್ ಮಾತ್ರ ಬೀಳುತ್ತಿದ್ದರೆ ಕೇಬಲ್ ತೆಳುವಾಗಿದೆ ಎಂದರ್ಥ. ಲೆಕ್ಕ ಕಷ್ಟವಲ್ಲ. 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ 12.5 ವೋಲ್ಟ್‌ನಲ್ಲಿ ಎಳೆಯುವುದು 38 ಆಂಪಿಯರ್ ಹತ್ತಿರ. 6 ಮೀಟರ್ ಉದ್ದದ ತಾಮ್ರದ ಕೇಬಲ್ 6 ಚದರ ಮಿಲಿಮೀಟರ್ ಇದ್ದರೆ ಅದರಲ್ಲೇ ಸುಮಾರು 0.65 ವೋಲ್ಟ್ ಹೋಯಿತು. 16 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.25ಕ್ಕೆ ಇಳಿಯುತ್ತದೆ. ಮರಳಿ ಬರುವ ನೆಗೆಟಿವ್ ಕೂಡ ಕೇಬಲ್ ಆದರೆ ಎರಡನ್ನೂ ದುಪ್ಪಟ್ಟು ಮಾಡಿಕೊಳ್ಳಿ.

ಹಂತ 3: ನಡುವೆ ಇರುವುದು ರಿಲೇಯೋ, ಚಾರ್ಜರೋ?

ಹಳೆಯ ಗಾಡಿಗಳಲ್ಲಿ ವೋಲ್ಟೇಜ್ ನೋಡಿ ತಾನೇ ಸೇರುವ ರಿಲೇ ಇರುತ್ತದೆ. ಸಾಮಾನ್ಯವಾಗಿ 13.3 ವೋಲ್ಟ್ ದಾಟಿದಾಗ ಎರಡು ಬ್ಯಾಟರಿಗಳನ್ನು ಸೇರಿಸುತ್ತದೆ, 12.8ರ ಕೆಳಗೆ ಬಂದಾಗ ಬಿಡಿಸುತ್ತದೆ. ಇದರ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳುವುದೂ ಉಂಟು. ಆಗ ರಾತ್ರಿ ಮನೆ ಬ್ಯಾಟರಿ ಜೊತೆಗೆ ಇಂಜಿನ್ ಬ್ಯಾಟರಿಯೂ ಖಾಲಿಯಾಗಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಮಾಡುವಾಗ ಮಧ್ಯದ ಫ್ಯೂಸ್ ಪದೇ ಪದೇ ಹಾರುತ್ತಿದ್ದರೂ ಇದರ ಮೇಲೆ ಸಂಶಯಪಡಿ, ಸ್ಟಾರ್ಟರ್ ಮೋಟರ್‌ನ ದೊಡ್ಡ ಕರೆಂಟ್ ಆ ತೆಳು ದಾರಿಯಲ್ಲಿ ಬರಲು ನೋಡುತ್ತಿರುತ್ತದೆ. ಪರೀಕ್ಷೆ ಸುಲಭ. ಇಂಜಿನ್ ಆಫ್ ಮಾಡಿ ಒಂದೆರಡು ಗಂಟೆ ಬಿಟ್ಟು ಹಿಂದೆ ಲೈಟು, ಫ್ಯಾನು ಎಲ್ಲ ಹಾಕಿ. ಎರಡೂ ಬ್ಯಾಟರಿಗಳ ವೋಲ್ಟೇಜ್ ಒಟ್ಟೊಟ್ಟಿಗೆ ಇಳಿದರೆ ರಿಲೇ ಬಿಟ್ಟಿಲ್ಲ.

ಈಗ ಸ್ಮಾರ್ಟ್ ಆಲ್ಟರ್ನೇಟರ್ ವಿಷಯ. ಯೂರೋ 5, ಯೂರೋ 6 (ಯುರೋಪಿನ ಹೊಗೆ ನಿಯಮಗಳು) ಕಾಲದ ಬಹಳಷ್ಟು ಗಾಡಿಗಳಲ್ಲಿ ಇಂಧನ ಉಳಿಸಲೆಂದು ಗಾಡಿಯ ಕಂಪ್ಯೂಟರ್ರೇ ಆಲ್ಟರ್ನೇಟರ್ ವೋಲ್ಟೇಜನ್ನು ಏರಿಸಿ ಇಳಿಸುತ್ತದೆ. ಇಂಜಿನ್ ಬ್ಯಾಟರಿ ಸಾಕಷ್ಟು ತುಂಬಿದ ಮೇಲೆ 12.5ರ ಆಸುಪಾಸಿಗೆ ಇಳಿಸುತ್ತದೆ. ಆಕ್ಸಿಲರೇಟರ್ ಬಿಟ್ಟಾಗ, ಇಳಿಜಾರಿನಲ್ಲಿ, 15ರವರೆಗೂ ಏರಿಸುತ್ತದೆ. ಹಳೆ ರಿಲೇ ಇದಕ್ಕೆ ಹೊಂದಿಕೊಳ್ಳುವುದಿಲ್ಲ. ಹೊರಟ ಸ್ವಲ್ಪ ಹೊತ್ತು ಚಾರ್ಜ್ ಆಗಿ ಆಮೇಲೆ ನಿಂತುಹೋಗುತ್ತದೆ ಎಂಬ ದೂರು ಬಂದರೆ ಇದೇ ಕಾರಣ ಇರಬಹುದು. ಪರಿಹಾರ ಡಿಸಿ-ಡಿಸಿ ಚಾರ್ಜರ್. ಬರುವ ವೋಲ್ಟೇಜ್ ಎಷ್ಟೇ ಕುಣಿದರೂ ಅದು ಬ್ಯಾಟರಿಗೆ ಬೇಕಾದ ವೋಲ್ಟೇಜನ್ನು ತಾನೇ ಮಾಡಿ ಕೊಡುತ್ತದೆ.

ಚಾರ್ಜರ್ ಇದ್ದೂ ಕೆಲಸ ಮಾಡದಿದ್ದರೆ ಮೂರು ಕಡೆ ಮೀಟರ್ ಇಡಿ. ಇಂಜಿನ್ ಓಡುತ್ತಿದೆ ಎಂದು ಹೇಳುವ ಡಿ-ಪ್ಲಸ್ ಅಥವಾ ಇಗ್ನಿಷನ್ ಸಿಗ್ನಲ್ ವೈರಿನಲ್ಲಿ 12 ವೋಲ್ಟ್ ಬರುತ್ತಿದೆಯೇ? ಈ ಸಣ್ಣ ವೈರ್ ಕಳಚಿದರೆ ಚಾರ್ಜರ್ ಪೂರ್ತಿ ನಿದ್ದೆಯಲ್ಲಿರುತ್ತದೆ. ಎರಡನೆಯದು, ಚಾರ್ಜರ್ ಕೆಲಸ ಮಾಡುವಾಗ ಅದರ ಇನ್‌ಪುಟ್‌ನಲ್ಲೇ ವೋಲ್ಟೇಜ್ ಎಷ್ಟಿದೆ? ಆನ್ ಆಗಿ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ, ಕೇಬಲ್ ತಿನ್ನುತ್ತಿದೆ. ಮೂರನೆಯದು ಔಟ್‌ಪುಟ್. ಅಲ್ಲಿ ಸೆಟ್ಟಿಂಗ್ ಕೂಡ ನೋಡಿ. ಜೆಲ್ ಬ್ಯಾಟರಿಗೆ 14.2ರ ಹತ್ತಿರ, ಎಜಿಎಂಗೆ 14.4ರಿಂದ 14.7 (ಇವೆರಡೂ ಲೆಡ್ ಆಸಿಡ್‌ನ ಮುಚ್ಚಿದ ಬಗೆಗಳು), ಲಿಥಿಯಂಗೆ 14.2ರಿಂದ 14.6 ವೋಲ್ಟ್. ನಿಮ್ಮ ಬ್ಯಾಟರಿಯ ಮೇಲೆ ಅಚ್ಚಾಗಿರುವ ಅಂಕಿಯೇ ಕೊನೆಯ ಮಾತು.

ಇನ್ನೊಂದು ಸಣ್ಣ ವಿಷಯ, ಆದರೆ ಕಾಡುವಂಥದ್ದು. ಇಂಜಿನ್ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಕೂತಿದ್ದರೆ ನಿಮ್ಮ ಚಾರ್ಜರ್‌ನ ನೆಗೆಟಿವ್ ವೈರನ್ನು ಆ ಟರ್ಮಿನಲ್‌ಗೇ ಜೋಡಿಸಬೇಡಿ. ಚಾಸಿಯ ಅರ್ತ್ ಬೋಲ್ಟ್‌ಗೆ ಜೋಡಿಸಿ. ಇಲ್ಲದಿದ್ದರೆ ನೀವು ಎಳೆಯುವ ಕರೆಂಟ್ ಸೆನ್ಸರ್ ಲೆಕ್ಕಕ್ಕೆ ಸಿಗುವುದಿಲ್ಲ.

ಹಂತ 4: ಇನ್ವರ್ಟರ್

1000 ವ್ಯಾಟ್ ಲೋಡ್ ಹಾಕಿದರೆ ಇನ್ವರ್ಟರ್ 12 ವೋಲ್ಟ್ ಬ್ಯಾಟರಿಯಿಂದ 95 ಆಂಪಿಯರ್ ಹತ್ತಿರ ಎಳೆಯುತ್ತದೆ. ಚಾರ್ಜರ್ ಕೊಡುವುದು 30. ಓಡುವಾಗ ಏರ್ ಕಂಡಿಷನರೋ ಒಲೆಯೋ ಹಾಕಿಕೊಂಡರೆ ಬ್ಯಾಟರಿ ಇಳಿಯಲೇಬೇಕು, ಯಾವುದೂ ಕೆಟ್ಟಿಲ್ಲ.

ಇನ್ವರ್ಟರ್ ಲೋ ವೋಲ್ಟೇಜ್ ಎಂದು ಆಫ್ ಆಗುತ್ತಿದ್ದರೆ ಆ ಲೋಡ್ ಹಾಕಿಟ್ಟುಕೊಂಡೇ ಎರಡು ಕಡೆ ಅಳೆಯಿರಿ: ಬ್ಯಾಟರಿ ಟರ್ಮಿನಲ್‌ನಲ್ಲಿ, ಇನ್ವರ್ಟರ್‌ನ ಡಿಸಿ ಟರ್ಮಿನಲ್‌ನಲ್ಲಿ. ಬ್ಯಾಟರಿಯಲ್ಲಿ 12.3, ಇನ್ವರ್ಟರ್‌ನಲ್ಲಿ 11 ಇದ್ದರೆ ಕೇಬಲ್, ಫ್ಯೂಸ್ ಅಥವಾ ಲಗ್ ತಪ್ಪು. ಎರಡೂ ಕಡೆ 11 ಇದ್ದರೆ ಬ್ಯಾಟರಿ ಖಾಲಿ, ಮುದಿ ಅಥವಾ ಆ ಲೋಡ್‌ಗೆ ಚಿಕ್ಕದು. 100 ಆಂಪಿಯರ್-ಅವರ್ ಎಂದು ಬರೆದ ಲೆಡ್ ಆಸಿಡ್ ಬ್ಯಾಟರಿಯ ಆ ಅಳತೆ ಸಾಮಾನ್ಯವಾಗಿ 20 ಗಂಟೆಯಲ್ಲಿ ನಿಧಾನವಾಗಿ ಎಳೆದಾಗಿನದು. 95 ಆಂಪಿಯರ್ ಎಳೆದರೆ ಒಂದು ಗಂಟೆಯೂ ಬರುವುದಿಲ್ಲ. ಫ್ರಿಜ್, ಮಿಕ್ಸಿಯಂಥ ಮೋಟರ್ ಇರುವ ವಸ್ತುಗಳು ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಜಾಸ್ತಿ ಕೇಳುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಓಡುವಾಗ ಮಾತ್ರ ಟ್ರಿಪ್ ಆಗಿ ನಿಂತಾಗ ಸರಿಯಿದ್ದರೆ? ಡಿಸಿ-ಡಿಸಿ ಚಾರ್ಜರ್ ಇಲ್ಲದ ಸ್ಮಾರ್ಟ್ ಆಲ್ಟರ್ನೇಟರ್ ಗಾಡಿಯಲ್ಲಿ ಹೈ ವೋಲ್ಟೇಜ್ ಆಗಿರಬಹುದು. ಕುಲುಕಾಟಕ್ಕೆ ಸಡಿಲವಾದ ಬೋಲ್ಟ್ ಇರಬಹುದು. ಸಾಮಾನು ತುಂಬಿದ ಡಬ್ಬದಂಥ ಜಾಗದಲ್ಲಿ ಇನ್ವರ್ಟರ್‌ಗೆ ಗಾಳಿ ಸಿಗದೆ ಕಾದು ನಿಂತಿರಬಹುದು. ಫ್ಯಾನಿನ ಮುಂದೆ ಹೊದಿಕೆ ತುರುಕಿದ್ದರೆ ತೆಗೆಯಿರಿ.

ಎಲ್ಲಕ್ಕಿಂತ ವಿಚಿತ್ರವಾದ ದೋಷ ಇದು. ಇನ್ವರ್ಟರ್ ಆನ್ ಇದೆ, ಏನೂ ಬಳಸುತ್ತಿಲ್ಲ, ಆದರೂ ಬ್ಯಾಟರಿ ಸರಸರ ಇಳಿಯುತ್ತಿದೆ. ಗಾಡಿಯಲ್ಲಿರುವ ಮೇನ್ಸ್ ಚಾರ್ಜರ್ (230 ವೋಲ್ಟ್ ಪ್ಲಗ್‌ನಿಂದ ನಡೆಯುವಂಥದ್ದು) ಇನ್ವರ್ಟರ್‌ನ ಕರೆಂಟನ್ನೇ ತಿಂದು ಅದೇ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದೆಯೇ ನೋಡಿ. ಪ್ರತಿ ಸುತ್ತಿನಲ್ಲೂ ಶಾಖವಾಗಿ ಒಂದಿಷ್ಟು ಹೋಗುತ್ತದೆ. ಇನ್ವರ್ಟರ್ ಆನ್ ಇದ್ದಾಗ ಆ ಚಾರ್ಜರ್‌ನ ಸ್ವಿಚ್ ಆಫ್ ಇರಲೇಬೇಕು. ತಾನೇ ಮೂಲ ಆರಿಸಿಕೊಳ್ಳುವ ಫ್ರಿಜ್ ಕೂಡ ಇನ್ವರ್ಟರ್ ಕರೆಂಟನ್ನು ಮೇನ್ಸ್ ಎಂದು ತಿಳಿದು ಹೀಗೇ ಮಾಡುತ್ತದೆ.

ಲಿಥಿಯಂ ಬ್ಯಾಟರಿ ಸತ್ತಂತೆ ಸೊನ್ನೆ ತೋರಿಸಿದರೆ ಗಾಬರಿ ಬೇಡ. ತೀರಾ ಖಾಲಿಯಾದಾಗ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಹೊರಗಿನ ಸಂಪರ್ಕ ಕಡಿದಿರುತ್ತದೆ, ಲಿಥಿಯಂ ಚಾರ್ಜರ್ ಜೋಡಿಸಿದರೆ ಸಾಮಾನ್ಯವಾಗಿ ಏಳುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಆಗದಿದ್ದರೆ ಅದು ದೋಷವಲ್ಲ, ರಕ್ಷಣೆ.

ಇನ್ವರ್ಟರ್‌ನ ಡಬ್ಬ ಬಿಚ್ಚುವುದು, 230 ವೋಲ್ಟ್ ಕಡೆಯ ವೈರ್ ಮುಟ್ಟುವುದು ಎಲೆಕ್ಟ್ರಿಷಿಯನ್ ಕೆಲಸ. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಪ್ಲಗ್ ಪಾಯಿಂಟ್ ಸತ್ತಿದ್ದರೆ ನೀವು ಬ್ರೇಕರ್ ಮತ್ತು ಆರ್‌ಸಿಡಿ (ಕರೆಂಟ್ ಸೋರಿದರೆ ಕಡಿಯುವ ಸುರಕ್ಷಾ ಸ್ವಿಚ್) ಬಿದ್ದಿದೆಯೇ ಎಂದು ನೋಡಿ. ಎತ್ತಿದ ಮೇಲೆ ಮತ್ತೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ.

ರಿಪೇರಿ ಮುಗಿದ ಮೇಲೆ ಒಂದು ಗಂಟೆ ಗಾಡಿ ಓಡಿಸಿ ಅದೇ ಅಳತೆಗಳನ್ನು ಮತ್ತೊಮ್ಮೆ ತೆಗೆದುಕೊಳ್ಳಿ. ಲಗ್‌ಗಳ ಹತ್ತಿರ ಮುಂಗೈ ಒಯ್ದು ಬಿಸಿ ತಗುಲುತ್ತದೆಯೇ ನೋಡಿ. ಅಂಕಿಗಳನ್ನು ದಿನಾಂಕದ ಸಮೇತ ಒಂದು ಚೀಟಿಯಲ್ಲಿ ಬರೆದು ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಬಿಡಿ. ಮುಂದಿನ ಸಲ ಏನಾದರೂ ಕೆಟ್ಟಾಗ ಯಾವ ಅಂಕಿ ಬದಲಾಗಿದೆ ಎಂದು ನೋಡಿ ಅಲ್ಲಿಂದಲೇ ಹುಡುಕಲು ಶುರು ಮಾಡಬಹುದು.