ಕೊಲಂಬಸ್‌ಗೆ ಹೊಸದಾಗಿ ಬಂದವರಿಗೆ: ಮಿಷಿಗನ್ ಪಂದ್ಯದ ಶನಿವಾರ

ಆಗಸ್ಟ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಈ ಊರಿಗೆ ಬಂದಿಳಿದ ಕುಟುಂಬಗಳಿಗೆ ಇಷ್ಟು ಹೊತ್ತಿಗೆ ಬಾಡಿಗೆ ಮನೆ, ಚಾಲನಾ ಪರವಾನಗಿ, ಮಕ್ಕಳ ಲಸಿಕೆ ಪಟ್ಟಿ ಎಲ್ಲವೂ ಒಂದು ಹದಕ್ಕೆ ಬಂದಿರುತ್ತವೆ. ಮನೆ ಸಿಕ್ಕಿತು, ಇನ್ನು ನೆರೆಹೊರೆ ಸಿಗಬೇಕು. ಕೊಲಂಬಸ್‌ನಲ್ಲಿ ನೆರೆಹೊರೆಯ ಬಾಗಿಲು ತೆರೆಯುವುದು ವಿಶ್ವವಿದ್ಯಾಲಯಗಳ ತಂಡಗಳು ಆಡುವ ಅಮೆರಿಕನ್ ಆಟವಾದ ಕಾಲೇಜು ಫುಟ್‌ಬಾಲ್‌ನಿಂದ. ಇದನ್ನು ನಾನು ಹದಿನಾಲ್ಕು ವರ್ಷ ಇಲ್ಲಿ ಬದುಕಿದ ಮೇಲೆ ಹೇಳುತ್ತಿದ್ದೇನೆ.

ಈ ಶನಿವಾರ, 2025ರ ನವೆಂಬರ್ 29ರಂದು ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲಿನ ವಿಶ್ವವಿದ್ಯಾಲಯದ ತಂಡವಾದ ಒಹಾಯೊ ಸ್ಟೇಟ್, ನೆರೆಯ ರಾಜ್ಯದ ಮಿಷಿಗನ್ ವಿಶ್ವವಿದ್ಯಾಲಯದ ತಂಡದ ವಿರುದ್ಧ ಆಡುತ್ತದೆ. 1897ರಲ್ಲಿ ಶುರುವಾದ ಹಗೆ ಇದು. ಇಲ್ಲಿಯವರು ಇದನ್ನು ‘ದ ಗೇಮ್’ ಎಂದಷ್ಟೇ ಕರೆಯುತ್ತಾರೆ. ಈ ಸಲ ಪಂದ್ಯ ನಡೆಯುವುದು ಅವರ ಊರಾದ ಆನ್ ಆರ್ಬರ್‌ನಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣದಲ್ಲಿ. ಹಾಗಾಗಿ ನಮ್ಮ ಊರಿನವರು ಮನೆಯಲ್ಲೇ ಸೇರಿ ಟಿವಿಯಲ್ಲಿ ನೋಡುತ್ತಾರೆ, ನಿಮ್ಮನ್ನೂ ಯಾರಾದರೂ ಕರೆಯುತ್ತಾರೆ. ಕರೆದರೆ ಹೋಗಿ. ಕರೆಯದಿದ್ದರೆ ಫಾಕ್ಸ್ ವಾಹಿನಿಯಲ್ಲಿ ನೋಡಿ. ಆಂಟೆನಾ ಇದ್ದರೆ ಹಣ ಕೊಡಬೇಕಾಗಿಲ್ಲ.

ಆಟ ಗೊತ್ತಿಲ್ಲ ಎಂದು ಹಿಂಜರಿಯಬೇಡಿ. ಕ್ರಿಕೆಟ್ ಬಲ್ಲವರಿಗೆ ನಾನು ಹೀಗೆ ಹೇಳಿಕೊಡುತ್ತೇನೆ: ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಎಸೆತಗಳ ಒಂದು ಓವರ್ ಸಿಗುತ್ತದೆ ಎಂದುಕೊಳ್ಳಿ. ಆ ನಾಲ್ಕರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಮೂರು ಪ್ರಯತ್ನಗಳಲ್ಲಿ ಹತ್ತು ಗಜ ಆಗದಿದ್ದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಾರೆ, ಎದುರಾಳಿ ಆದಷ್ಟು ಹಿಂದಿನಿಂದ ಶುರುಮಾಡಲಿ ಎಂದು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು. ಗೆರೆಯವರೆಗೆ ಹೋಗಲಾಗದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ ಮೂರು. ಹದಿನೈದು ನಿಮಿಷದ ನಾಲ್ಕು ಭಾಗಗಳು ಎನ್ನುತ್ತಾರೆ, ಆದರೆ ಗಡಿಯಾರ ಮತ್ತೆ ಮತ್ತೆ ನಿಲ್ಲುವುದರಿಂದ ಮೂರೂವರೆ ಗಂಟೆ ಬಿಡುವು ಮಾಡಿಕೊಂಡು ಹೋಗಿ. ಉಳಿದದ್ದನ್ನು ಪಕ್ಕದಲ್ಲಿ ಕುಳಿತವರನ್ನು ಕೇಳಿ. ಕೇಳಿದಷ್ಟೂ ಅವರಿಗೆ ಸಂತೋಷವೇ.

ನಿಮಗೆ ಅರ್ಥವಾಗಬೇಕಾದದ್ದು ನಿಯಮಗಳಿಗಿಂತ ಹೆಚ್ಚಾಗಿ ಈ ಜನರ ಅಳುಕು. ನಮ್ಮ ತಂಡ ಈ ಋತುವಿನಲ್ಲಿ ಆಡಿದ ಹನ್ನೊಂದೂ ಪಂದ್ಯ ಗೆದ್ದಿದೆ, ಶ್ರೇಯಾಂಕದಲ್ಲಿ ಮೊದಲ ಸ್ಥಾನದಲ್ಲಿದೆ. ಒಬ್ಬ ಎದುರಾಳಿಯೂ ಹದಿನಾರಕ್ಕಿಂತ ಹೆಚ್ಚು ಅಂಕ ಗಳಿಸಿಲ್ಲ. ಹಾಗಿದ್ದೂ ಈ ವಾರ ಅಂಗಡಿಯಲ್ಲಿ, ಕಚೇರಿಯಲ್ಲಿ, ಮಕ್ಕಳನ್ನು ಬಿಡುವ ಶಾಲೆಯ ಗೇಟಿನಲ್ಲಿ ಎಲ್ಲರ ಮುಖದಲ್ಲೂ ಪರೀಕ್ಷೆಯ ಹಿಂದಿನ ದಿನದ ಕಳೆ. ಯಾಕೆಂದರೆ 2019ರಲ್ಲಿ 56–27ರಿಂದ ಗೆದ್ದ ಮೇಲೆ ಒಹಾಯೊ ಸ್ಟೇಟ್ ಮಿಷಿಗನ್ನನ್ನು ಸೋಲಿಸಿಲ್ಲ. 2020ರ ಪಂದ್ಯ ಕೋವಿಡ್‌ನಿಂದ ರದ್ದಾಯಿತು. ಆಮೇಲೆ ಸಾಲಾಗಿ ನಾಲ್ಕು ಸೋಲು. ಈಗ ಒಂದನೇ ತರಗತಿಯಲ್ಲಿರುವ ಮಕ್ಕಳಿಗೆ ಈ ಗೆಲುವನ್ನು ಕಂಡ ನೆನಪೇ ಇಲ್ಲ. ಕಳೆದ ವರ್ಷದ್ದು ಎಲ್ಲಕ್ಕಿಂತ ಕಹಿ: ನಮ್ಮದೇ ಅಂಗಳದಲ್ಲಿ, ಗೆದ್ದೇ ಗೆಲ್ಲುತ್ತೇವೆ ಎಂದುಕೊಂಡಿದ್ದ ದಿನ, 13–10.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಹಿಮ ಬಿದ್ದಾಗ ನಮ್ಮ ಮನೆಯ ಮುಂದಿನದನ್ನೂ ಕೇಳದೆಯೇ ಸರಿಸುವವರು. ಆ ಸೋಲಿನ ಮೇಲೆ ಎರಡು ದಿನ ಅವರು ಹೊರಗೆ ಕಾಣಿಸಲಿಲ್ಲ. ನನ್ನ ಹೆಂಡತಿ ಬಿಸಿಬೇಳೆಬಾತ್ ಮಾಡಿ ಡಬ್ಬಿಯಲ್ಲಿ ಕೊಟ್ಟು ಬಂದಳು. ಸಾವಿನ ಮನೆಗೆ ಊಟ ಕಳಿಸಿದ ಹಾಗಾಯಿತೇನೋ ಎಂದು ಅವಳಿಗೆ ಅನುಮಾನ. ಅವರು ಮಾತ್ರ ಬಾಗಿಲಲ್ಲೇ ಅರ್ಧ ಗಂಟೆ ನಿಂತು ಪಂದ್ಯದ ಒಂದೊಂದು ತಪ್ಪನ್ನೂ ಅವಳಿಗೆ ಬಿಡಿಸಿ ಹೇಳಿದರು. ಜನವರಿ 20ರ ರಾತ್ರಿ ಅದೇ ತಂಡ ನೋಟರ್ ಡೇಮ್‌ನ್ನು 34–23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದಾಗ ನಾವು ಅವರ ಮನೆಯಲ್ಲೇ ಇದ್ದೆವು. ಕಣ್ಣು ಒರೆಸಿಕೊಂಡರು, ಎಲ್ಲರನ್ನೂ ಅಪ್ಪಿಕೊಂಡರು. ನಾವು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹೇಳಿದರು: “ಆದರೂ ಮಿಷಿಗನ್ ಬಾಕಿ ಇದೆ.”

ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತುಗಳಾದ ಪ್ಲೇಆಫ್ ಲೆಕ್ಕ ಬೇರೆ, ಮಿಷಿಗನ್ ಲೆಕ್ಕ ಬೇರೆ ಎಂಬುದು ನನಗೆ ಸ್ಪಷ್ಟವಾದದ್ದು ಅವತ್ತು. ಹಿಂದೆ ಎರಡೂ ಒಂದೇ ಆಗಿದ್ದವು. 2014ರಿಂದ 2023ರವರೆಗೆ ಪ್ಲೇಆಫ್‌ಗೆ ನಾಲ್ಕೇ ತಂಡಗಳು ಹೋಗುತ್ತಿದ್ದವು. 2021ರಲ್ಲೂ 2023ರಲ್ಲೂ ಮಿಷಿಗನ್ ಎದುರು ಸೋತದ್ದೇ ನಮ್ಮ ಬಾಗಿಲು ಮುಚ್ಚಿತು. 2024ರಿಂದ ಹನ್ನೆರಡು ತಂಡಗಳು. 2025ರ ನಿಯಮದಂತೆ ಕಾನ್ಫರೆನ್ಸ್ ಎಂದು ಕರೆಯುವ ಗುಂಪುಗಳ ಚಾಂಪಿಯನ್‌ಗಳಲ್ಲಿ ಶ್ರೇಯಾಂಕ ಮೇಲಿರುವ ಐವರಿಗೆ ಸ್ಥಾನ ಖಚಿತ, ಉಳಿದ ಏಳನ್ನು ಆಯ್ಕೆ ಸಮಿತಿ ಶ್ರೇಯಾಂಕದ ಪ್ರಕಾರ ತುಂಬುತ್ತದೆ. ಸಮಿತಿಯ ಪಟ್ಟಿ ಮಂಗಳವಾರ ಸಂಜೆ ಬರುತ್ತದೆ. ಬುಧವಾರ ಬೆಳಿಗ್ಗೆ ಕಚೇರಿಯಲ್ಲಿ ಕಾಫಿ ಹಿಡಿದು ನಿಂತವರು ಮಾತಾಡುತ್ತಿರುವುದು ಅದನ್ನೇ.

ಶನಿವಾರ ಗೆದ್ದರೆ ಡಿಸೆಂಬರ್ 6ರಂದು ಇಂಡಿಯಾನಾಪೊಲಿಸ್‌ನಲ್ಲಿ ನಮ್ಮ ಗುಂಪಾದ ಬಿಗ್ ಟೆನ್ ಫೈನಲ್. ಎದುರಿಗೆ ಬರುವುದು ಬಹುತೇಕ ಇಂಡಿಯಾನಾ, ಅದೂ ಈವರೆಗೆ ಸೋತಿಲ್ಲ. ಬಿಗ್ ಟೆನ್ ಎಂಬ ಹೆಸರಿನ ಗುಂಪಿನಲ್ಲಿ ಈಗ ಹದಿನೆಂಟು ತಂಡಗಳಿವೆ, ಗೊಂದಲಪಡಬೇಡಿ. ಡಿಸೆಂಬರ್ 7, ಭಾನುವಾರ ಹನ್ನೆರಡರ ಅಂತಿಮ ಪಟ್ಟಿ. ಮೊದಲ ನಾಲ್ಕರಲ್ಲಿದ್ದರೆ ಮೊದಲ ಸುತ್ತು ಆಡಬೇಕಾಗಿಲ್ಲ, ನೇರವಾಗಿ ಹೊಸ ವರ್ಷದ ಹೊತ್ತಿನ ಕ್ವಾರ್ಟರ್‌ಫೈನಲ್. ಶನಿವಾರ ಸೋತರೂ ಹನ್ನೊಂದು ಗೆಲುವಿನ ತಂಡವನ್ನು ಸಮಿತಿ ಹೊರಗಿಡುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಐದರಿಂದ ಎಂಟರೊಳಗೆ ಇಳಿದರೆ ಡಿಸೆಂಬರ್ 19 ಅಥವಾ 20ರಂದು ಕೊಲಂಬಸ್‌ನಲ್ಲೇ ಪಂದ್ಯ ನಡೆಯುತ್ತದೆ. ಕಳೆದ ಡಿಸೆಂಬರ್‌ನಲ್ಲಿ ಟೆನೆಸಿಯನ್ನು 42–17ರಿಂದ ಮಣಿಸಿದ್ದು ಹಾಗೆಯೇ, ಮೈ ಕೊರೆಯುವ ಚಳಿಯಲ್ಲಿ. ಇಕ್ಕಟ್ಟಿನಲ್ಲಿರುವುದು ಮಿಷಿಗನ್. ಒಕ್ಲಹೋಮ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ (ಯುಎಸ್‌ಸಿ) ಎದುರು ಅದು ಈಗಾಗಲೇ ಸೋತಿದೆ, ಮೂರನೆಯ ಸೋಲು ಬಂದರೆ ಅದರ ಪ್ಲೇಆಫ್ ಆಸೆ ಮುಗಿದಂತೆ. ಗೆಲ್ಲದೆ ಬೇರೆ ದಾರಿ ಇಲ್ಲದವರು ಅಪಾಯಕಾರಿ ಎಂದು ಇಲ್ಲಿಯವರು ಅಂಜುವುದು ಅದಕ್ಕೇ.

ಮಾತಿಗೆ ಮೊದಲು ಮಾಡಲು ಒಂದು ಒಳ್ಳೆಯ ಪ್ರಶ್ನೆ ಕೊಡುತ್ತೇನೆ: “ಸ್ಮಿತ್ ಮತ್ತು ಟೇಟ್ ಆಡುತ್ತಾರೆಯೇ?” ಜೆರೆಮಯ ಸ್ಮಿತ್, ಕಾರ್ನೆಲ್ ಟೇಟ್ ಇಬ್ಬರೂ ಚೆಂಡು ಹಿಡಿಯುವ ನಮ್ಮ ಅತ್ಯುತ್ತಮ ಆಟಗಾರರು, ಗಾಯದಿಂದಾಗಿ ಇಬ್ಬರೂ ಕಳೆದ ವಾರ ರಟ್ಗರ್ಸ್ ವಿರುದ್ಧ ಆಡಲಿಲ್ಲ. ಇದೊಂದು ಕೇಳಿದರೆ ಸಾಕು, ನಿಮ್ಮ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಬಟ್ಟೆಯ ವಿಷಯಕ್ಕೆ ಗಮನ ಕೊಡಿ. ನಮ್ಮ ಬಣ್ಣ ಕೆಂಪು ಮತ್ತು ಬೂದು, ಅವರದು ಹಳದಿ ಮತ್ತು ನೀಲಿ. ರಾಜ್ಯೋತ್ಸವದ ಅರಿಶಿನ-ಕುಂಕುಮದ ಶಾಲು ಎಷ್ಟು ಪ್ರೀತಿಯದಾದರೂ ಈ ಒಂದು ದಿನ ಬೀರುವಿನಲ್ಲಿರಲಿ, ಕುಂಕುಮದ ಬಣ್ಣವನ್ನಷ್ಟೇ ಉಡಿ. ಮಕ್ಕಳಿಗೆ ನೀಲಿ ಸ್ವೆಟರ್ ಹಾಕಿ ಕಳಿಸಬೇಡಿ. ಯಾರೂ ಬಯ್ಯುವುದಿಲ್ಲ, ಆದರೆ ಮಗು ದಿನವಿಡೀ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ವಿಶ್ವವಿದ್ಯಾಲಯದ ಫಲಕಗಳಲ್ಲಿ ‘ಎಂ’ ಅಕ್ಷರದ ಮೇಲೆಲ್ಲ ಕೆಂಪು ಪಟ್ಟಿಯ ಅಡ್ಡಗೆರೆ ಕಂಡರೆ ಅದು ಕಿಡಿಗೇಡಿತನವಲ್ಲ, ಈ ವಾರದ ಆಚರಣೆ. ದೇವಸ್ಥಾನದ ವಾಹನ ನಿಲುಗಡೆಯಲ್ಲೇ ಆಗಲಿ, ಯಾರಾದರೂ “ಓ–ಎಚ್” ಎಂದು ಕೂಗಿದರೆ “ಐ–ಓ” ಎಂದು ಉತ್ತರಿಸಿ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಅಲ್ಲಿ ಕೋಳಿ ಮತ್ತು ಗೋಮಾಂಸದ ತಿನಿಸುಗಳೇ ಹೆಚ್ಚು. ಸಸ್ಯಾಹಾರಿಗಳಾದರೆ ಮೊದಲೇ ತಿಳಿಸಿ, ನಿಮಗೆ ಸಾಲುವಷ್ಟು ಒಯ್ಯಿರಿ. ಕೋಡುಬಳೆ, ಚಕ್ಕುಲಿ ಎಲ್ಲರಿಗೂ ಹಿಡಿಸುತ್ತವೆ. ಚಿತ್ರಾನ್ನ ಒಯ್ದರೆ ಅದರಲ್ಲಿ ಕಡಲೆಕಾಯಿ ಬೀಜ ಇದೆ ಎಂದು ಡಬ್ಬಿಯ ಮೇಲೆ ಬರೆದು ಅಂಟಿಸಿ, ಅಲರ್ಜಿ ಇರುವವರು ಇರಬಹುದು. ಬಕೈ ಎಂಬ ಹೆಸರಿನ ಸಿಹಿ ತಟ್ಟೆಯಲ್ಲಿ ಬರುತ್ತದೆ: ಒಳಗೆ ಕಡಲೆಕಾಯಿ ಬೀಜದ ಬೆಣ್ಣೆ, ಹೊರಗೆ ಚಾಕೊಲೇಟ್. ಆದರೆ ಆ ಹೆಸರು ಬಂದ ಮರದ ಕಾಯಿ ವಿಷ. ಉದ್ಯಾನಗಳಲ್ಲಿ ಮರದ ಕೆಳಗೆ ಕಂದು ಬಣ್ಣದ, ಜಿಂಕೆಯ ಕಣ್ಣಿನಂತೆ ಹೊಳೆಯುವ ಬೀಜಗಳು ಬಿದ್ದಿರುತ್ತವೆ. ಮಕ್ಕಳು ಜೇಬಿಗೆ ತುಂಬಿಕೊಳ್ಳಲಿ, ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಕೊಲಂಬಸ್‌ನ ಪಂದ್ಯಗಳ ದಿನ ಲೇನ್ ಅವೆನ್ಯೂ, ಹೈ ಸ್ಟ್ರೀಟ್, ಒಲೆಂಟ್ಯಾಂಜಿ ನದಿಯ ಪಕ್ಕದ ರಸ್ತೆ ಯಾವುದನ್ನೂ ನಂಬಿಕೊಂಡು ಹೊರಡಬೇಡಿ. ಈ ವರ್ಷ ರಾಜ್ಯೋತ್ಸವದ ದಿನವೇ ಪೆನ್ ಸ್ಟೇಟ್ ಪಂದ್ಯ ಬಿದ್ದಿತ್ತು. ನಮ್ಮ ಕನ್ನಡ ಕೂಟದ ಕಾರ್ಯಕ್ರಮದ ದಿನಾಂಕ ಗೊತ್ತುಮಾಡುವವರು ಪಂಚಾಂಗದ ಜೊತೆಗೆ ಫುಟ್‌ಬಾಲ್ ವೇಳಾಪಟ್ಟಿಯನ್ನೂ ಮುಂದಿಟ್ಟುಕೊಳ್ಳಬೇಕು ಎಂದು ನಾನು ಸಮಿತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಮುಂದೆಯೂ ಹೇಳುತ್ತೇನೆ.

ಊರಿಗೆ ಫೋನ್ ಮಾಡುವುದಿದ್ದರೆ ಶನಿವಾರ ಬೆಳಿಗ್ಗೆ ಒಂಬತ್ತರೊಳಗೆ ಮಾಡಿ, ಅಲ್ಲಿ ಆಗ ಸಂಜೆ ಏಳೂವರೆ. ಪಂದ್ಯ ಶುರುವಾಗುವಾಗ ಅಲ್ಲಿ ರಾತ್ರಿ ಹತ್ತೂವರೆಯಾಗಿರುತ್ತದೆ. ಗೆದ್ದರೆ ಬೀದಿಗೆ ಬಂದು ಅವರೊಂದಿಗೆ ಕೂಗಿ. ಸೋತರೆ “ಹೇಗೂ ಪ್ಲೇಆಫ್‌ಗೆ ಹೋಗುತ್ತೀರಲ್ಲ” ಎಂದು ಮಾತ್ರ ಹೇಳಬೇಡಿ. ಡಬ್ಬಿಯಲ್ಲಿ ಉಳಿದ ಕೋಡುಬಳೆಯನ್ನು ಅಲ್ಲೇ ಬಿಟ್ಟು ಬನ್ನಿ. ಸೋಮವಾರ ಡಬ್ಬಿ ಹಿಂದಿರುಗಿಸಲು ಅವರೇ ನಿಮ್ಮ ಮನೆಗೆ ಬರುತ್ತಾರೆ.