ಸೌದೆ ಗಾಡಿಗೆ ನಾನು ಮೊದಲು ಅಳೆದದ್ದು ಬಾಗಿಲು

ನಮ್ಮದು ಕೋಲಾರ ಜಿಲ್ಲೆಯ ಮಾಲೂರು ಕಡೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯಿತು, ಆದರೆ ಬಚ್ಚಲ ಹಂಡೆಗೆ ಇವತ್ತಿಗೂ ಸೌದೆಯೇ. ಹೊಸದಾಗಿ ನೀಲಗಿರಿ ನೆಡಬಾರದು ಅಂತ 2017ರಲ್ಲಿ ಸರ್ಕಾರ ಆದೇಶ ಮಾಡಿತು. ಆದರೂ ಹಳೇ ತೋಪಿನಲ್ಲಿ ಕಡಿದ ಬುಡ ಮತ್ತೆ ಚಿಗುರುತ್ತದಲ್ಲ, ಸೌದೆಗೇನೂ ಬರ ಇಲ್ಲ. ಬರ ಇರುವುದು ಹೊತ್ತು ತರುವವರಿಗೆ. ಒಟ್ಟಿರುವುದು ಹಿತ್ತಿಲ ಮೂಲೆಯಲ್ಲಿ, ಅಮ್ಮನಿಗೆ ಸೊಂಟ ನೋವು.

ಗಾರೆ ಕೆಲಸದವರ ಒಂಟಿ ಚಕ್ರದ ಗಾಡಿ ಸುಲಭಕ್ಕೆ ಸಿಗುತ್ತದೆ. ಆದರೆ ಚಕ್ರ ಮುಂದೆ ಇರುವುದರಿಂದ ಭಾರದ ಒಂದು ಪಾಲು ಕೈ ಮೇಲೇ ಇರುತ್ತದೆ. ಸ್ವಲ್ಪ ವಾಲಿದರೆ ಮುಗೀತು. ಸಿಲಿಂಡರ್ ಟ್ರಾಲಿಯ ಚಕ್ರ ತೀರಾ ಚಿಕ್ಕದು, ಮಳೆ ಬಿದ್ದ ಹಿತ್ತಿಲಲ್ಲಿ ಹೂತುಕೊಳ್ಳುತ್ತದೆ. ಹಾಗಾಗಿ ಎರಡು ಚಕ್ರದ ಗಾಡಿಯನ್ನು ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದೆ.

ಅಲ್ಲಿಗೆ ಹೋಗುವ ಮೊದಲು ಹಿತ್ತಿಲ ಬಾಗಿಲಿಗೆ ಟೇಪು ಹಿಡಿದೆ. ಚೌಕಟ್ಟಿನ ಒಳಗೆ ಎರಡೂವರೆ ಅಡಿ. ಗಾಡಿ ಎರಡು ಅಡಿ ದಾಟಬಾರದು ಅಂತ ಹೇಳಿದೆ. ತೊಟ್ಟಿಯ ಅಗಲ ಅಲ್ಲ, ಆಚೆ ಈಚೆ ಚಾಚಿರುವ ಅಚ್ಚಿನ ನಟ್ಟೂ ಸೇರಿ. ಇಲ್ಲದಿದ್ದರೆ ಚೌಕಟ್ಟು ಕೆರೆಯುವುದೇ ಆ ನಟ್ಟು. ಮುಂಬಾಗಿಲ ಮಾತು ಬಿಡಿ, ಅರಿಶಿನ ಕುಂಕುಮ ಹಚ್ಚಿದ ಹೊಸಿಲ ಮೇಲೆ ಗಾಡಿ ಹತ್ತಿಸಿದರೆ ಅಮ್ಮ ಸುಮ್ನೆ ಇರ್ತಾರಾ?

ಹಿತ್ತಿಲ ಕಡೆಯ ಹೊಸಿಲೂ ಮೂರು ಇಂಚು ಎತ್ತರವಿದೆ. ಅದನ್ನು ಹತ್ತಬೇಕಾದರೆ ಚಕ್ರ ದೊಡ್ಡದಿರಬೇಕು, ಜೊತೆಗೆ ಗಾಡಿಯನ್ನು ತಳ್ಳದೆ ಹಿಂದಕ್ಕೆ ನಡೆಯುತ್ತಾ ಎಳೆಯಬೇಕು. ತಳ್ಳಿದರೆ ಹೊಸಿಲಿಗೆ ಒತ್ತಿಕೊಂಡು ನಿಂತುಬಿಡುತ್ತದೆ. ಅಚ್ಚು ತೊಟ್ಟಿಯ ನಡುಮಧ್ಯಕ್ಕೆ ಬಂದರೆ ಕೈಗೆ ಭಾರವೇ ಗೊತ್ತಾಗುವುದಿಲ್ಲ.

ಟೈರು ಗಾಳಿಯದ್ದು ಬೇಡ. ಓಡಾಟಕ್ಕೆ ಮೆತ್ತಗಿರುತ್ತದೆ ನಿಜ, ಆದರೆ ನಮ್ಮ ಒಟ್ಟಲಿನಲ್ಲಿ ನೀಲಗಿರಿ ಜೊತೆ ಜಾಲಿಯೂ ಇರುತ್ತದೆ. ಒಣಗಿದ ಜಾಲಿ ಮುಳ್ಳು ಚಪ್ಪಲಿಯನ್ನೇ ದಾಟಿ ಬರುತ್ತದೆ, ಟ್ಯೂಬು ಯಾವ ಲೆಕ್ಕ? ಗಟ್ಟಿ ರಬ್ಬರಿನದ್ದೇ ಹಾಕಿಸಿದೆ.

ತಳಕ್ಕೆ ತಗಡು ಹಾಕ್ತೀನಿ ಅಂದರು ವೆಲ್ಡಿಂಗ್‌ನವರು. ನಾನು ಕಂಬಿ ಕೇಳಿದೆ, ಬೆರಳು ತೂರುವಷ್ಟು ಸಂದು ಬಿಟ್ಟು. ಬಾಗಿಲಾಚೆ ನಿಲ್ಲಿಸಿ ಗಾಡಿಯನ್ನು ಜೋರಾಗಿ ಕುಲುಕಿದರೆ ತೊಗಟೆ, ಗೆದ್ದಲ ಮಣ್ಣು ಎಲ್ಲಾ ಕೆಳಗೆ ಉದುರುತ್ತದೆ. ಒಮ್ಮೊಮ್ಮೆ ಜರಿ, ಚೇಳು ಕೂಡ. ಆದರೂ ಸೌದೆ ತುಂಬುವಾಗ ಸಂದಿಗೆ ಕೈ ಹಾಕಬೇಡಿ, ಕೋಲಿನಿಂದ ಎಳೆದುಕೊಳ್ಳಿ.

"ಅಕ್ಕಾ, ಪಕ್ಕದ ಕಂಬಿ ಇನ್ನೂ ಎತ್ತರಕ್ಕೆ ಎತ್ಲಾ? ಜಾಸ್ತಿ ಹಿಡಿಯುತ್ತೆ" ಅಂದರು. ಬೇಡ ಅಂದೆ. ಜಾಸ್ತಿ ಹಿಡಿದರೆ ಜಾಸ್ತಿ ತುಂಬುತ್ತೇವೆ, ಅಮ್ಮ ಎಳೆಯಬೇಕಲ್ವಾ? ಒಂದು ದಿನದ ಹಂಡೆಗೆ ಸಾಕಾಗುವಷ್ಟು ಹಿಡಿದರೆ ಆಯಿತು. ಈಗ ಬಚ್ಚಲಲ್ಲಿ ಸೌದೆ ಇಳಿಸುವುದೂ ಇಲ್ಲ. ಕಿಡಿ ಹಾರದಷ್ಟು ದೂರದಲ್ಲಿ ಗಾಡಿ ನಿಲ್ಲಿಸಿ, ಅದರಿಂದಲೇ ಒಂದೊಂದೇ ತೆಗೆದು ಒಲೆಗೆ ಇಡುತ್ತೇವೆ.