ಬೋರ್ಡ್ ಇಳಿಸಿದ ಮೇಲೆ

ನಮ್ಮ ಫುಡ್ ಬ್ಯಾಂಕಿನ ಗೋಡೌನ್ ಇರುವುದು ಮೈಸೂರಿನ ಬಂಡೀಪಾಳ್ಯದ ಎಪಿಎಂಸಿ ಮಾರುಕಟ್ಟೆ ಹತ್ತಿರ. ಶುರು ಮಾಡಿದಾಗ ಬಾಗಿಲ ಮೇಲೆ ದೊಡ್ಡದಾಗಿ ಬರೆಸಿದ್ದೆವು: ‘ಬಡವರಿಗೆ ಉಚಿತ ಆಹಾರ’. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ. ದೂರದಿಂದಲೇ ಕಾಣಲಿ ಅಂತ.

ಎದುರಿಗೆ ಒಂದು ಟೀ ಅಂಗಡಿ. ಒಬ್ಬ ಹೆಂಗಸು ನಾಲ್ಕೈದು ದಿನ ಅಲ್ಲಿಗೆ ಬಂದು ನಿಲ್ಲುತ್ತಿದ್ದರು. ಟೀ ಕುಡಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ನಮ್ಮ ಬಾಗಿಲ ಕಡೆ ನೋಡಿ ಹೊರಟುಹೋಗುತ್ತಿದ್ದರು. ಒಂದು ದಿನ ನಾನೇ ಹೋಗಿ, ‘ಅಕ್ಕ, ಏನಾದ್ರೂ ಬೇಕಿತ್ತಾ?’ ಅಂದೆ. ಗಂಡ ಆಟೋ ಓಡಿಸುತ್ತಾರಂತೆ. ಕಾಲು ಮುರಿದು ಮಲಗಿದ್ದಾರೆ. ‘ನಾವು ಬಡವರಲ್ಲ ಮೇಡಂ. ಈ ಎರಡು ತಿಂಗಳು ಕಷ್ಟ, ಅಷ್ಟೆ. ಆ ಬೋರ್ಡ್ ಕೆಳಗೆ ಹೇಗೆ ನಿಂತ್ಕೊಳ್ಲಿ? ನಮ್ಮ ಬೀದಿಯವರೆಲ್ಲ ಇದೇ ದಾರೀಲಿ ಓಡಾಡ್ತಾರೆ’ ಅಂದರು.

ಮರುದಿನ ಬೋರ್ಡ್ ಇಳಿಸಿದೆವು.

ಫುಡ್ ಬ್ಯಾಂಕ್ ಅಂದರೆ ಮದುವೆ ಮನೆಯಲ್ಲಿ ಮಿಕ್ಕಿದ್ದನ್ನು ತಂದು ಬೀದಿಯಲ್ಲಿ ಹಂಚುವವರು ಅಂತ ಜನ ಅಂದುಕೊಂಡಿದ್ದಾರೆ ಎಂದು ನನಗೆ ತುಂಬಾ ಬೇಸರ ಇತ್ತು. ಕಾಲೇಜುಗಳಲ್ಲಿ ಮಾತಾಡಿದೆ, ಕರಪತ್ರ ಹಂಚಿದೆ. ಏನೂ ಬದಲಾಗಲಿಲ್ಲ. ಆ ಅಕ್ಕನ ಮಾತು ಕೇಳಿದ ಮೇಲೆ ನನಗೆ ಅರ್ಥವಾಯಿತು. ಜನ ಅಂದುಕೊಂಡಿದ್ದು ತಪ್ಪಲ್ಲ. ನಾವು ಆಗ ಮಾಡುತ್ತಿದ್ದುದೇ ಅದು. ಮೊದಲು ಬದಲಾಗಬೇಕಾದ್ದು ನಮ್ಮ ಕೆಲಸ.

ಮೊದಲು ಕೈ ಹಾಕಿದ್ದು ಛತ್ರದ ಊಟಕ್ಕೆ. ಅದು ನಮಗೆ ಅತ್ಯಂತ ಕಷ್ಟವಾದದ್ದೂ ಹೌದು. ಫೋನ್ ಬರುತ್ತಿದ್ದುದು ಸಂಜೆ ನಾಲ್ಕಕ್ಕೆ. ‘ಇನ್ನೂರು ಜನದ ಊಟ ಮಿಕ್ಕಿದೆ, ಬಂದು ಎತ್ಕೊಂಡು ಹೋಗಿ.’ ಅಡುಗೆ ಆದದ್ದು ಬೆಳಿಗ್ಗೆ ಹತ್ತು ಗಂಟೆಗೆ. ಬಿಸಿ ಊಟ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗಿರಬೇಕು. ನಡುವೆ ಇದ್ದಷ್ಟು ಹೊತ್ತೂ ಕ್ರಿಮಿಗಳು ಬೆಳೆಯುತ್ತಲೇ ಇರುತ್ತವೆ. ಸೆಖೆಗಾಲದಲ್ಲಿ ಮುಚ್ಚಿಟ್ಟ ಕೊಪ್ಪರಿಗೆಯ ಸಾಂಬಾರ್ ಎಷ್ಟೋ ಹೊತ್ತು ಈ ನಡುವೆಯೇ ಇರುತ್ತದೆ. ಒಮ್ಮೆ ಒಂದು ಹಾಸ್ಟೆಲಿನಲ್ಲಿ ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಅಷ್ಟನ್ನೂ ಚೆಲ್ಲಿ, ಅವರಿಗೆ ಉಪ್ಪಿಟ್ಟು ಮಾಡಿಸಿ ಹಾಕುವಷ್ಟರಲ್ಲಿ ರಾತ್ರಿ ಒಂಬತ್ತೂವರೆ. ಆ ಮಕ್ಕಳ ಮುಖ ನಾನು ಮರೆತಿಲ್ಲ.

ಹೆಚ್ಚುವರಿ ಆಹಾರವನ್ನು ಪಡೆದು ಹಂಚುವುದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2019ರಲ್ಲೇ ಪ್ರತ್ಯೇಕ ನಿಯಮ ತಂದಿದೆ. ಅದನ್ನು ಕೂತು ಓದಿದೆವು. ನಮ್ಮದೇ ಕಟ್ಟುನಿಟ್ಟು ಮಾಡಿಕೊಂಡೆವು. ಬಡಿಸುವುದಕ್ಕೆ ತೆಗೆಯದ, ಇನ್ನೂ ಬಿಸಿ ಇರುವ ಪಾತ್ರೆ ಮಾತ್ರ. ಅಡುಗೆ ಭಟ್ಟರು ಮಧ್ಯಾಹ್ನ ಎರಡರೊಳಗೆ ಫೋನ್ ಮಾಡಬೇಕು. ನಾವು ಥರ್ಮಾಮೀಟರ್ ಇಟ್ಟು ನೋಡಿಯೇ ತೆಗೆದುಕೊಳ್ಳುವುದು. ಎಲೆಯ ಪಕ್ಕಕ್ಕೆ ಹೋಗಿ ಬಂದ ಬಕೆಟ್ ಬೇಡ. ತುಂಬಾ ಜನ ಸಿಟ್ಟಾದರು. ‘ಅನ್ನ ಚೆಲ್ಲಬೇಕಾ? ಅನ್ನಪೂರ್ಣೇಶ್ವರಿ ಮೆಚ್ಚುತ್ತಾಳಾ?’ ಅಂತ ಕೇಳಿದವರೂ ಇದ್ದಾರೆ. ನಾನು ಒಂದೇ ಮಾತು ಹೇಳುತ್ತಿದ್ದೆ: ‘ನಿಮ್ಮ ಮನೆ ಮಗುವಿಗೆ ಈಗ ಇದನ್ನ ಬಡಿಸ್ತೀರಾ ಹೇಳಿ, ತಗೊಂಡು ಹೋಗ್ತೀನಿ.’ ಈಗ ಕೆಲವು ಭಟ್ಟರು ಒಂದು ಕೊಪ್ಪರಿಗೆಯನ್ನು ಕೊನೆಯವರೆಗೂ ಒಲೆ ಮೇಲೇ ಬಿಟ್ಟು ನಮಗೆ ಫೋನ್ ಮಾಡುತ್ತಾರೆ.

ಆದರೆ ನಿಜವಾದ ಕೆಲಸ ಇರುವುದು ಛತ್ರದಲ್ಲಲ್ಲ, ಮಾರುಕಟ್ಟೆಯಲ್ಲಿ. ಬೆಳಗಿನ ಜಾವ ಬಂಡೀಪಾಳ್ಯಕ್ಕೆ ಬಂದು ನೋಡಿ. ಟೊಮೆಟೊ ರೇಟ್ ಬಿದ್ದ ದಿನ ಕ್ರೇಟಿಗೆ ಸಿಗುವ ದುಡ್ಡು ಗಾಡಿ ಬಾಡಿಗೆಗೂ ಸಾಲುವುದಿಲ್ಲ. ರೈತರು ಅಲ್ಲೇ ಸುರಿದು ಹೋಗುತ್ತಾರೆ. ಸ್ವಲ್ಪ ಸೊಟ್ಟಗಿರುವ ಸೌತೆಕಾಯಿ, ಹೊರಗಿನ ಎಲೆ ಒಣಗಿದ ಎಲೆಕೋಸು, ಸಣ್ಣ ಗೆಡ್ಡೆಯ ಬೀಟ್‌ರೂಟ್ ಯಾರಿಗೂ ಬೇಡ. ಅದರಲ್ಲಿ ಕೆಟ್ಟದ್ದು ಏನೂ ಇಲ್ಲ. ಸುಮ್ನೆ ನೋಡೋದಕ್ಕೆ ಚೆನ್ನಾಗಿಲ್ಲ, ಅಷ್ಟೆ. ಅದನ್ನು ತಂದು, ಆರಿಸಿ, ತೂಕ ಹಾಕಿ, ಅದೇ ದಿನ ವೃದ್ಧಾಶ್ರಮ, ಹಾಸ್ಟೆಲ್, ಅನಾಥಾಲಯಗಳ ಅಡುಗೆಮನೆಗೆ ಮುಟ್ಟಿಸುತ್ತೇವೆ. ಕೊಳೆತದ್ದು ಗೊಬ್ಬರದ ಗುಂಡಿಗೆ. ಫುಡ್ ಬ್ಯಾಂಕ್ ಅಂದರೆ ಮುಖ್ಯವಾಗಿ ಇದು: ಗೋಡೌನು, ತಕ್ಕಡಿ, ಗಾಡಿ, ಲೆಕ್ಕದ ಪುಸ್ತಕ.

ಹೆಸರೂ ಹಾಗೇ ಹುಟ್ಟಿದ್ದು. ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಅನ್ನುವವರು 1967ರಲ್ಲಿ ಮೊದಲ ಫುಡ್ ಬ್ಯಾಂಕ್ ತೆರೆದರು. ಅಂಗಡಿಯವರು ಎಸೆದದ್ದರಲ್ಲಿ ಹುಡುಕಿ ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ ಅವರಿಗೆ ಸಿಕ್ಕಿದ್ದರಂತೆ. ದುಡ್ಡಿಗೆ ಬ್ಯಾಂಕ್ ಇರುವ ಹಾಗೆ ಊಟಕ್ಕೂ ಒಂದು ಇರಬೇಕು, ಇದ್ದವರು ಇಡಬೇಕು, ಬೇಕಾದವರು ತೆಗೆದುಕೊಳ್ಳಬೇಕು ಅಂದದ್ದು ಆಕೆಯೇ. ಬ್ಯಾಂಕಿಗೆ ಹೋಗುವವರನ್ನು ಯಾರೂ ಭಿಕ್ಷುಕರು ಅನ್ನುವುದಿಲ್ಲ, ಅಲ್ವಾ? ನಾನು ಈ ಕಥೆಯನ್ನು ಹೊಸಬರಿಗೆಲ್ಲ ಹೇಳುತ್ತೇನೆ.

ಇನ್ನೊಂದು ಪ್ರಶ್ನೆ ದಿನಾ ಬರುತ್ತದೆ. ‘2013ರಿಂದ ಅನ್ನಭಾಗ್ಯ ಇದೆ. ಇಂದಿರಾ ಕ್ಯಾಂಟೀನ್ ಇದೆ. ನೀವ್ಯಾಕೆ?’ ನ್ಯಾಯವಾದ ಪ್ರಶ್ನೆ. ಅವು ದೊಡ್ಡ ಕೆಲಸಗಳು, ನಮ್ಮ ಕೈಲಿ ಆಗುವಂಥದ್ದಲ್ಲ. ಉತ್ತರ ಕೊಟ್ಟದ್ದು ಮಾತ್ರ ನಾನಲ್ಲ, ಮಂಡ್ಯ ಕಡೆಯ ಒಬ್ಬ ಅಜ್ಜಿ. ಆಗ ನಾವು ಎಲ್ಲರಿಗೂ ಒಂದೇ ಕಿಟ್ ಕೊಡುತ್ತಿದ್ದೆವು: ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ. ಅಜ್ಜಿ ಚೀಲ ಬಿಚ್ಚಿ ನೋಡಿ ಅಕ್ಕಿ, ಸಕ್ಕರೆ ಎರಡನ್ನೂ ವಾಪಸ್ ಇಟ್ಟರು. ‘ಅಕ್ಕಿ ರೇಷನ್‌ನಲ್ಲಿ ಬತ್ತದೆ ಕಣವ್ವ. ಸಕ್ಕರೆ ಕಾಯಿಲೆ ನಂಗೆ. ಮುದ್ದೆಗೆ ಹಿಟ್ಟಿಲ್ಲ, ಸಾರಿಗೆ ಸೊಪ್ಪಿಲ್ಲ.’

ಅಂದಿನಿಂದ ಕಿಟ್ ನಿಂತಿತು. ಕಬ್ಬಿಣದ ರ‍್ಯಾಕ್ ತಂದೆವು. ರಾಗಿ ಹಿಟ್ಟು, ಕಾಳು, ಸೊಪ್ಪು, ತರಕಾರಿ, ಎಣ್ಣೆ ಅಂತ ಅಂಗಡಿಯ ಹಾಗೆ ಜೋಡಿಸಿದೆವು. ಬಂದವರು ಚೀಲ ತೆಗೆದುಕೊಂಡು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಒಂದು ಮನೆಗೆ ಇಷ್ಟು ತೂಕ ಅಂತ ಮಿತಿ ಇದೆ. ‘ಹೀಗೆ ಬಿಟ್ಟರೆ ಬಾಚ್ಕೊಂಡು ಹೋಗ್ತಾರೆ’ ಅಂತ ನಮ್ಮವರೇ ಕೆಲವರು ಹೆದರಿಸಿದ್ದರು. ಆದದ್ದು ಉಲ್ಟಾ. ಬೇಡದ್ದನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ಮೊದಲಿಗಿಂತ ಜಾಸ್ತಿ ಮನೆಗಳಿಗೆ ಸಾಲುತ್ತದೆ.

ಫೋಟೋ ವಿಷಯ ಬೇಗ ಹೇಳಿಬಿಡುತ್ತೇನೆ. ಒಂದು ಕಂಪನಿ ದೊಡ್ಡ ಮೊತ್ತ ಕೊಡುತ್ತಿತ್ತು. ಚೀಲ ಪಡೆಯುವವರ ಫೋಟೋ ಬೇಕೇ ಬೇಕು ಅಂದರು. ಆಗುವುದಿಲ್ಲ ಅಂದೆವು. ಅವರು ಹೋದರು. ಆ ಮೂರು ತಿಂಗಳು ಗಾಡಿಯ ಡೀಸೆಲ್‌ಗೂ ಕಷ್ಟವಾಯಿತು. ಈಗ ನಾವು ಫೋಟೋ ತೆಗೆಯುವುದು ಕ್ರೇಟುಗಳದ್ದು, ತಕ್ಕಡಿಯದ್ದು. ಫೋಟೋ ಕೇಳಿದವರಿಗೆ, ಶನಿವಾರ ಬೆಳಿಗ್ಗೆ ಬಂದು ಎರಡು ಗಂಟೆ ಸೊಪ್ಪು ಬಿಡಿಸಿ ಅನ್ನುತ್ತೇವೆ. ನನ್ನ ಯಾವ ಭಾಷಣದಿಂದಲೂ ಆಗದ್ದು ಆ ಎರಡು ಗಂಟೆಯಲ್ಲಿ ಆಗುತ್ತದೆ. ಹೀಗೆ ಬಂದ ಒಬ್ಬ ಮಂಡಿ ವ್ಯಾಪಾರಿ ನಮ್ಮ ಪುಸ್ತಕ ತಿರುವಿ, ‘ಇದು ನಮ್ಮ ಮಂಡಿ ಥರಾನೇ ಇದೆಯಲ್ಲಮ್ಮ’ ಅಂದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ. ವಾರಕ್ಕೆ ಎರಡು ದಿನ ಅವರ ಹಮಾಲಿಗಳು ನಮ್ಮ ಗಾಡಿ ತುಂಬಿಸಿಕೊಡುತ್ತಾರೆ. ಕೂಲಿ ಅವರದೇ.

ಆ ಆಟೋದವರ ಕಾಲು ವಾಸಿಯಾಯಿತು. ಅಕ್ಕ ಬರುವುದು ನಿಂತಿತು, ನಿಲ್ಲಲೇಬೇಕಿತ್ತು. ಹೋದ ತಿಂಗಳು ಆಟೋ ಮಾತ್ರ ನಮ್ಮ ಬಾಗಿಲಿಗೆ ಬಂತು. ಹಿಂದೆ ಕೂತಿದ್ದವರು ಚಾಮರಾಜನಗರದ ಗಾರೆ ಕೆಲಸದವರು, ಕೈಗೆ ಪಟ್ಟಿ ಕಟ್ಟಿತ್ತು. ಇಳಿಯುವುದಕ್ಕೆ ಹಿಂದೆಮುಂದೆ ನೋಡುತ್ತಿದ್ದರು. ಆಟೋದವರು ಮೀಟರ್ ಹಾಕಿರಲಿಲ್ಲ. ತಿರುಗಿ ಕೂತು ಅವರಿಗೆ ಹೇಳುತ್ತಿದ್ದರು: ‘ಹೋಗಣ್ಣ, ಒಳಗೆ ಅಂಗಡಿ ಥರ ಇದೆ. ಚೀಲ ತಗೋ, ಬೇಕಾದ್ದು ಆರಿಸ್ಕೋ. ತೂಕ ಹಾಕಿ ಬರ್ಕೋತಾರೆ, ಅಷ್ಟೆ.’